ಗುಡ್ಡದ ಮಾಲೀಕರು, ಇಳಿಯದ ನೀರು

ಫೆಬ್ರವರಿ 8, ಭಾನುವಾರ. ಬೆಳಿಗ್ಗೆ ಎಂಟೂ ಮುಕ್ಕಾಲಿಗೆ ಇದನ್ನು ಬರೆಯಲು ಕೂತೆ. ದೊಡ್ಡಜ್ಜಿಗೆ ಪೇಪರ್ ಓದಿ ಹೇಳಿ ಆಗಿದೆ. ಜಲಾಶಯದ ನೀರು ನಿನ್ನೆಗಿಂತ ಕಾಲು ಅಡಿ ಇಳಿದಿದೆ ಎಂದೆ. ತಲೆಯಾಡಿಸಿದರು. ಈಗ ಹೊರಗೆ ಜಗುಲಿಯ ಬಿಸಿಲಿಗೆ ಕೂತಿದ್ದಾರೆ.

ದೊಡ್ಡಜ್ಜಿ ಎಂದರೆ ನನ್ನ ತಾತನ ಅಣ್ಣನ ಹೆಂಡತಿ. ಎಂಬತ್ತಮೂರೋ ಎಂಬತ್ತನಾಲ್ಕೋ ಆಗಿರಬೇಕು. ಹುಟ್ಟಿದ ದಿನ ಯಾರಿಗೂ ಗೊತ್ತಿಲ್ಲ, ಆಧಾರ್ ಕಾರ್ಡಿನಲ್ಲಿ ಜನವರಿ ಒಂದು ಅಂತ ಇದೆ. ತಾತ, ಅಜ್ಜಿ ಬೇಗ ಹೋಗಿಬಿಟ್ಟಿದ್ದರಿಂದ ಅಪ್ಪನನ್ನು ಸಾಕಿದವರು ಅವರೇ. ಅಪ್ಪ ಅವರನ್ನು ದೊಡ್ಡವ್ವ ಎಂದು ಕರೆಯುತ್ತಾರೆ. ಅವರಿಗೆ ಮಕ್ಕಳಾಗಲಿಲ್ಲ ಎಂದೇ ನಾನು ಹೋದ ಸೆಪ್ಟೆಂಬರಿನವರೆಗೆ ತಿಳಿದುಕೊಂಡಿದ್ದೆ.

ನಾನು ಕಡೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಎಂಟನೇ ಕ್ಲಾಸಿನಿಂದ ದಿನಚರಿ ಬರೆಯುತ್ತಿದ್ದೇನೆ. ಯಾರು ಬಂದರು, ಎಷ್ಟು ಹೊತ್ತಿಗೆ ಬಂದರು, ಏನು ಮಾತಾಯಿತು, ಇಷ್ಟೇ. "ಹಾಲಿನೋನು ಲೆಕ್ಕ ಬರ್ಯಂಗೆ ಬದುಕು ಬರೀತೀಯಲ್ಲೇ" ಎಂದು ಅಮ್ಮ ಆಡಿಕೊಳ್ಳುತ್ತಾಳೆ. ಅದೇ ಎಂಟನೇ ಕ್ಲಾಸಿನ ವರ್ಷ ದೊಡ್ಡಜ್ಜಿಯ ಕಣ್ಣು ಮಂಜಾಗತೊಡಗಿತು. ಕಣ್ಣಿನ ಪ್ರೆಶರ್ ಎಂದರು ಡಾಕ್ಟರು. ಹನಿ ಹಾಕಿದೆವು, ಆಪರೇಷನ್ ಮಾಡಿಸಿದೆವು. ಈಗ ಬೆಳಕು ಯಾವ ಕಡೆ, ನೆರಳು ಯಾವ ಕಡೆ ಎಂಬುದಷ್ಟೇ ಅವರಿಗೆ ತಿಳಿಯುತ್ತದೆ. ಹಾಗಾಗಿ ಪೇಪರ್ ಓದುವ ಕೆಲಸ ನನ್ನ ಪಾಲಿಗೆ ಬಂತು.

ಅವರಿಗೆ ಮೊದಲು ಬೇಕಾದದ್ದು ಒಂದೇ. "ನೀರು ಎಷ್ಟೈತೆ?"

ತರೀಕೆರೆಯ ಆಚೆ ಇರುವ ಜಲಾಶಯದ ಮಟ್ಟ ದಿನವೂ ಪೇಪರಿನ ಒಂದು ಮೂಲೆಯಲ್ಲಿ ಬರುತ್ತದೆ. ನಮಗೆ ಆ ನೀರು ಹಾಯುವ ಜಮೀನು ಒಂದು ಗುಂಟೆಯೂ ಇಲ್ಲ. ಆದರೂ ಕೇಳುತ್ತಾರೆ, ಬಿಡುವುದಿಲ್ಲ. ಮಳೆಗಾಲದಲ್ಲಿ ನಾನು ಖುಷಿಯಿಂದ "ನಾಲ್ಕಡಿ ಏರೈತೆ ದೊಡ್ಡಜ್ಜಿ" ಎಂದರೆ ಅವರು ಸುಮ್ಮನಾಗಿಬಿಡುತ್ತಿದ್ದರು. ಮಾರ್ಚ್, ಏಪ್ರಿಲಿನಲ್ಲಿ "ಇನ್ನೂ ಇಳೀಬೇಕು" ಎನ್ನುತ್ತಿದ್ದರು.

"ಏರ್ಬೇಕು ಅನ್ನು ದೊಡ್ಡವ್ವ, ಬಾಯಿ ತಪ್ಪಿ ಇಳೀಬೇಕು ಅಂತೀಯ. ಜನ ಕೇಳಿದ್ರೆ ಹೊಡೀತಾರೆ" ಎಂದು ಅಪ್ಪ ತಿದ್ದುತ್ತಿದ್ದರು.

"ಹೂಂ, ಅದೇಯ" ಎನ್ನುತ್ತಿದ್ದರು ದೊಡ್ಡಜ್ಜಿ. ವಯಸ್ಸಾದವರಿಗೆ ಮಾತು ತಿರುಗುಮುರುಗಾಗುತ್ತದೆ ಎಂದು ನಾವೆಲ್ಲ ಅಂದುಕೊಂಡಿದ್ದೆವು.

ಆ ಜಲಾಶಯದ ಅಡಿಯಲ್ಲಿ ನಮ್ಮ ಹಳೇ ಊರಿದೆ. ಅಪ್ಪ ಹುಟ್ಟುವ ಮೊದಲೇ ಅದು ಮುಳುಗಿತು. ಮನೆ, ಗದ್ದೆ, ಬಾವಿ ಎಲ್ಲ ಹೋಯಿತು. ಉಳಿದದ್ದು ಊರ ಪಕ್ಕದ ಗುಡ್ಡದ ನೆತ್ತಿ ಮಾತ್ರ. ಅಲ್ಲಿಗೆ ನೀರು ಹತ್ತುವುದಿಲ್ಲ ಎಂದು ಅದನ್ನು ವಶಕ್ಕೆ ತೆಗೆದುಕೊಳ್ಳದೆ ಬಿಟ್ಟರಂತೆ. ಒಂದೆಕರೆ ಚಿಲ್ಲರೆ ಜಾಗ. ಅದು ನಾಲ್ಕು ಮನೆಯವರ ಮಣ್ಣಿನ ಜಾಗವಾಗಿತ್ತು. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ನಾಲ್ಕೂ ಮನೆಯ ಹಿರಿಯರು ಆ ನೆತ್ತಿಯ ಮೇಲೆ ಸಾಲಾಗಿ ಇದ್ದಾರೆ. ಗುಡ್ಡದ ಸುತ್ತ ನೀರು ನಿಂತ ಮೇಲೆ ಅದು ನಡುಗಡ್ಡೆಯಾಯಿತು. ಪಹಣಿಯಲ್ಲಿ ಈಗಲೂ ನಾಲ್ಕು ಜನ ಸತ್ತವರ ಹೆಸರು ಜಂಟಿಯಾಗಿ ನಿಂತಿದೆ.

ಊರು ಬಿಟ್ಟ ಆ ನಾಲ್ಕು ಮನೆಗಳು ನಾಲ್ಕು ಕಡೆ ನೆಲೆಯಾದವು. ನಾವು ಕಡೂರಿನವರು. ಇನ್ನೊಂದು ಮನೆ ತರೀಕೆರೆಯಲ್ಲಿ, ಇನ್ನೊಂದು ಅಜ್ಜಂಪುರದಲ್ಲಿ, ಮತ್ತೊಂದು ಹಿರೇನಲ್ಲೂರಿನಲ್ಲಿ. ಹಿರಿಯರ ಹಬ್ಬದ ದಿನ, ಅಂದರೆ ಮಹಾಲಯ ಅಮಾವಾಸ್ಯೆಗೆ, ಸಾಧ್ಯವಾದವರು ಹಿನ್ನೀರಿನ ದಡಕ್ಕೆ ಹೋಗಿ, ಗುಡ್ಡದ ಕಡೆ ಮುಖ ಮಾಡಿ ಎಡೆ ಇಟ್ಟು ಕೈಮುಗಿದು ಬರುವುದು ರೂಢಿ. ಗುಡ್ಡಕ್ಕೆ ಯಾರೂ ಹೋಗಿರಲಿಲ್ಲ.

ಹೋದ ವರ್ಷ ತರೀಕೆರೆಯ ಚಿಕ್ಕಪ್ಪ ಅದಕ್ಕೆ ಕೈ ಹಾಕಿದರು. ಅವರದು ಪಂಪ್‌ಸೆಟ್ಟಿನ ಬಿಡಿಭಾಗಗಳ ಅಂಗಡಿ. ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ನಗು. ಮೊಬೈಲಿನ ಮ್ಯಾಪಿನಲ್ಲಿ ನೀಲಿ ನೀರಿನ ನಡುವೆ ಒಂದು ಹಸಿರು ಚುಕ್ಕೆ ಹುಡುಕಿ, ಅದರ ಚಿತ್ರ ಹಾಕಿ, "ಗುಡ್ಡದ ಮಾಲೀಕರು" ಎಂಬ ವಾಟ್ಸ್‌ಆ್ಯಪ್ ಗ್ರೂಪ್ ಮಾಡಿದರು. ಅದರಲ್ಲಿ ಅವರ ಮೊದಲ ಮಾತು ಹೀಗಿತ್ತು: "ಸ್ವಂತ ದ್ವೀಪ ಇಟ್ಕೊಂಡಿರೋರು ಈ ಮೂರು ತಾಲ್ಲೂಕಲ್ಲಿ ನಾವೇ ಕಣ್ರೀ. ಒಂದ್ಸಲ ಆದ್ರೂ ಹೋಗಿ ನೋಡ್ಬೇಡ್ವಾ?"

ಮೊದಲ ಸಭೆ ಜೂನ್ 8, ಭಾನುವಾರ, ಅಜ್ಜಂಪುರದಲ್ಲಿ. ಬೀರೂರಿನಲ್ಲಿ ಇಳಿದು ಬೇರೆ ರೈಲು ಹತ್ತಿ ಹೋದೆವು: ಅಪ್ಪ, ನಾನು, ದೊಡ್ಡಜ್ಜಿ. ದೊಡ್ಡಜ್ಜಿ ತಾವಾಗಿಯೇ ಬರುತ್ತೇನೆ ಎಂದಿದ್ದರು. ಅದಕ್ಕೂ ಮುಂಚೆ ಎರಡು ವರ್ಷ ಅವರು ಮನೆ ಬಿಟ್ಟು ಎಲ್ಲಿಗೂ ಹೊರಟಿರಲಿಲ್ಲ. ಸಭೆ ಸೇರಿದ್ದು ಅಜ್ಜಂಪುರದ ಮಾವನ ಮನೆಯ ನಡುಮನೆಯಲ್ಲಿ, ಈರುಳ್ಳಿ ಮೂಟೆಗಳ ನಡುವೆ. ಮಾವ ರಿಟೈರ್ ಆದ ಮೇಷ್ಟ್ರು. ಊರು ಬಿಡುವಾಗ ಅವರಿಗೆ ಏಳು ವರ್ಷ. ನಾಲ್ಕು ಮನೆಗಳಲ್ಲಿ ಆ ಊರನ್ನು ಕಣ್ಣಾರೆ ಕಂಡು ಈಗಲೂ ಬುದ್ಧಿ ಸರಿ ಇರುವವರು ಇಬ್ಬರೇ, ಅವರು ಮತ್ತು ದೊಡ್ಡಜ್ಜಿ. ಹಿರೇನಲ್ಲೂರಿನಿಂದ ಅಣ್ಣ ತಮ್ಮ ಇಬ್ಬರು ಬಂದಿದ್ದರು.

ನಾನು ದಿನಚರಿ ಬರೆಯುವುದು ಎಲ್ಲರಿಗೂ ಗೊತ್ತು. "ಸೆಕ್ರೆಟರಿ, ಬರ್ಕೊಳಮ್ಮಾ" ಎಂದರು ಚಿಕ್ಕಪ್ಪ. "ಒಂದು, ದೋಣಿ. ಎರಡು, ಪರ್ಮಿಷನ್. ಮೂರು, ದಿನ. ದಿನ ಅಂತೂ ಮಾಲಯ ಅಮಾಸೆ, ಅದ್ರಲ್ಲಿ ಮಾತೇ ಇಲ್ಲ."

"ಬ್ಯಾಸಿಗೇಲಿ ಹೋಗಾಣ" ಎಂದರು ದೊಡ್ಡಜ್ಜಿ.

ಎಲ್ಲರೂ ಅವರ ಕಡೆ ತಿರುಗಿದರು.

"ಬ್ಯಾಸಿಗೆ ಈಗ ತಾನೇ ಹೋಯ್ತಲ್ಲ ದೊಡ್ಡವ್ವ. ಇನ್ನೊಂದು ಬ್ಯಾಸಿಗೆ ಅಂದ್ರೆ ಮುಂದಿನ ವರ್ಷಕ್ಕೆ ಹೋಯ್ತು" ಎಂದರು ಚಿಕ್ಕಪ್ಪ.

"ಹೋಗ್ಲಿ. ನೀರು ಇಳೀಲಿ."

"ನೀರು ಇಳುದ್ರೆ ದೋಣೀನ ಹೆಗಲ ಮೇಲೆ ಹೊತ್ಕೊಂಡ್ ಹೋಗ್ಬೇಕಾಯ್ತದೆ! ದಡದಿಂದ ನೀರಿನ ತಂಕ ಮೊಣಕಾಲುದ್ದ ಕೆಸರು. ಹಿರಿಯರನ್ನ ನೋಡೋಕೆ ಹೋಗಿ ನಾವೇ ಅಲ್ಲಿ ಹೂತ್ಕೊಂಡ್ರೆ?"

ಮಾವ ಕನ್ನಡಕ ಒರೆಸಿಕೊಳ್ಳುತ್ತಾ, "ಅಕ್ಕಾ, ಹಿರಿಯರಿಗೆ ಎಡೆ ಅಂದ್ರೆ ಅಮಾಸೆಗೇ. ಬ್ಯಾಸಿಗೇಲಿ ಹೋಗಿ ಏನ್ ಐಸ್‌ಕ್ರೀಮ್ ಎಡೆ ಇಡಾಣ್ವಾ?" ಎಂದರು.

ಮೂಟೆಗಳ ನಡುವೆ ಎಲ್ಲರೂ ನಕ್ಕರು. ದೊಡ್ಡಜ್ಜಿಯೂ ನಕ್ಕರು. ನಕ್ಕಾದ ಮೇಲೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತುತ್ತಾ ಕೂತರು. ಆ ದಿನದ ನನ್ನ ಬರವಣಿಗೆಯಲ್ಲಿ ಇರುವುದು ಎರಡೇ ಸಾಲು: "ದೊಡ್ಡಜ್ಜಿ ಬೇಸಿಗೆ ಎಂದರು. ಒಪ್ಪಿಗೆಯಾಗಲಿಲ್ಲ."

ಎರಡನೇ ಸಭೆ ಜುಲೈ 13, ತರೀಕೆರೆಯಲ್ಲಿ. ಹೊರಗೆ ಜಡಿಮಳೆ, ಒಳಗೆ ಮಂಡಕ್ಕಿ, ಮೆಣಸಿನಕಾಯಿ ಬೋಂಡ. ಹಿನ್ನೀರಿನ ಮೀನುಗಾರರ ಹತ್ತಿರ ಒಂದು ಮೋಟಾರ್ ದೋಣಿ ಗೊತ್ತು ಮಾಡಿದ್ದಾಯಿತು, ಅನುಮತಿಗೆ ಅರ್ಜಿ ಕೊಟ್ಟಿದ್ದೂ ಆಯಿತು ಎಂದು ಚಿಕ್ಕಪ್ಪ ವರದಿ ಒಪ್ಪಿಸಿದರು. ದೋಣಿಯವನನ್ನು ಬಿಟ್ಟು ಹನ್ನೆರಡು ಜನ ಕೂರಬಹುದು. ಮನೆಗೆ ಮೂರು ಜನ.

ಯಾರು ಯಾರು ಎಂಬ ಮಾತು ಬಂದಾಗ ಹಿರೇನಲ್ಲೂರಿನ ಅಣ್ಣ, "ಅಜ್ಜಿಗೆ ಕಣ್ಣು ಕಾಣಲ್ವಲ್ಲ, ಪಾಪ, ಅವ್ರು ಬಂದು ಏನ್ ನೋಡ್ತಾರೆ? ಆ ಸೀಟಿಗೆ ನಮ್ಮ ಕಡೆ ಇನ್ನೊಬ್ರು ಆಯ್ತಾರೆ" ಎಂದರು. ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ.

"ಲೇ, ದೊಡ್ಡವ್ವ ಬರಲ್ಲ ಅಂದ್ರೆ ದೋಣೀನೇ ಬಿಡಲ್ಲ ನಾನು" ಎಂದರು ಚಿಕ್ಕಪ್ಪ. "ಆ ಊರಲ್ಲಿ ಸಂಸಾರ ಮಾಡ್ದೋರಲ್ಲಿ ಬುದ್ಧಿ ನೆಟ್ಟಗೆ ಇರೋದು ಅವ್ಳೊಬ್ಳೇ. ನಾವೆಲ್ಲ ಪಹಣಿ ಮಾಲೀಕರು ಕಣೋ. ಅವ್ಳು ನಿಜವಾದ ಮಾಲೀಕಳು."

ಕಡೂರಿಗೆ ಬಂದು ಈ ಮಾತು ಹೇಳಿದಾಗ ದೊಡ್ಡಜ್ಜಿ, "ಒಳ್ಳೇ ಹುಡುಗ. ಬಾಯಿ ಜೋರು ಅಷ್ಟೇಯ" ಎಂದರು. ಆ ಹುಡುಗನಿಗೆ ಐವತ್ತಾರು ವರ್ಷ.

ಮೂರನೇ ಸಭೆ ಆಗಸ್ಟ್ 24, ನಮ್ಮ ಮನೆಯಲ್ಲಿ. ಏನು ಅಡುಗೆ, ಯಾರು ಏನು ತರುವುದು ಎಂಬುದು ಆವತ್ತಿನ ವಿಷಯ. ಕಡುಬು ನಮ್ಮದು, ಹೋಳಿಗೆ ತರೀಕೆರೆಯವರದು, ಬಾಳೆಲೆ, ವಿಭೂತಿ, ಹೂವು ಹಿರೇನಲ್ಲೂರಿನವರದು. ನೆತ್ತಿಯ ಮೇಲೆ ಗಿಡಗಂಟಿ ಬೆಳೆದಿರುತ್ತದೆ, ಎರಡು ಕತ್ತಿ ಇರಲಿ ಎಂದರು ಮಾವ. ಎಲ್ಲ ಮುಗಿದು ಜನ ಎದ್ದು ಹೋದ ಮೇಲೆ ದೊಡ್ಡಜ್ಜಿ ಅಮ್ಮನನ್ನು ಕರೆದು, "ಗ್ರಂದಿಗೆ ಅಂಗಡೀಲಿ ಒಂದು ತುಂಡು ಬಜೆ ತರ್ಸೇ" ಎಂದರು.

ಬಜೆ ಎಂದರೆ ಹಸುಗೂಸುಗಳಿಗೆ ತೇದು ನೆಕ್ಕಿಸುವ ಬೇರು. ನಮ್ಮ ಮನೆಯಲ್ಲಿ ಹಸುಗೂಸು ಇಲ್ಲ.

"ಯಾರ ಮಗೀಗೆ ಅತ್ತೆ?"

"ಯಾರ್ಗೂ ಇಲ್ಲ. ಇರ್ಲಿ ಮನೇಲಿ."

ಅಮ್ಮ ತರಿಸಿಕೊಟ್ಟಳು. ಅದನ್ನೂ ನಾನು ಆವತ್ತಿನ ದಿನಚರಿಯಲ್ಲಿ ಬರೆದುಕೊಂಡೆ, ಅಂಗಡಿ ಸಾಮಾನಿನ ಜೊತೆಯಲ್ಲಿ.

ಸೆಪ್ಟೆಂಬರ್ 21, ಭಾನುವಾರ, ಅಮಾವಾಸ್ಯೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಎಲ್ಲರೂ ದಡದಲ್ಲಿದ್ದೆವು. ಹನ್ನೆರಡು ಜನ ಎಂದುಕೊಂಡಿದ್ದು ಒಂಬತ್ತಾಗಿತ್ತು. ಆ ವರ್ಷ ಮಳೆ ಚೆನ್ನಾಗಿ ಹೊಡೆದು ಜಲಾಶಯ ತುಂಬಿ ನಿಂತಿತ್ತು. ದಡದ ಗಿಡಗಳು ಸೊಂಟದವರೆಗೆ ನೀರಿನಲ್ಲಿದ್ದವು. ಗುಡ್ಡ ಎಂದರೆ ಬೋರಲು ಹಾಕಿದ ಬೋಗುಣಿಯಷ್ಟೇ ಕಾಣುತ್ತಿತ್ತು.

"ನೋಡ್ರಪ್ಪಾ, ನಮ್ಮ ಎಸ್ಟೇಟು!" ಎಂದು ಚಿಕ್ಕಪ್ಪ ಕೈಚಾಚಿದರು.

ದೋಣಿಯವನು ಎಲ್ಲರಿಗೂ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕೊಟ್ಟ. ದೊಡ್ಡಜ್ಜಿಗೆ ಸೀರೆಯ ಮೇಲೆ ಅದನ್ನು ಹಾಕಿ ಪಟ್ಟಿ ಕಟ್ಟುವಾಗ ಮಾವ, "ಅಕ್ಕಾ, ಥೇಟ್ ಮಿಲಿಟ್ರಿಯೋರ ಥರ ಕಾಣ್ತೀಯ" ಎಂದರು. "ಕಾಣೋದು ನಿಂಗಲ್ವಾ, ನೋಡ್ಕೋ" ಎಂದರು ದೊಡ್ಡಜ್ಜಿ. ಎಲ್ಲರಿಗಿಂತ ಜೋರಾಗಿ ನಕ್ಕವನು ದೋಣಿಯವನು. ಆಮೇಲೆ ಅಪ್ಪ ಮತ್ತು ಚಿಕ್ಕಪ್ಪ ಅವರನ್ನು ಎತ್ತಿ ಕೂರಿಸಿದರು. ನಾನು ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ.

ದೋಣಿ ಹೊರಟಿತು. ಮೋಟಾರಿನ ಸದ್ದಿಗೆ ಮಾತು ನಿಂತಿತು. ಅರ್ಧ ದಾರಿ ದಾಟಿದ ಮೇಲೆ ದೊಡ್ಡಜ್ಜಿ ನನ್ನ ಕೈ ಬಿಡಿಸಿಕೊಂಡು ತಮ್ಮ ಕೈಯನ್ನು ಹೊರಗೆ ನೀರಿಗೆ ಇಳಿಬಿಟ್ಟರು. ಗುಡ್ಡ ಹತ್ತಿರ ಬಂದಾಗ ದೋಣಿಯವನು ಮೋಟಾರು ನಿಲ್ಲಿಸಿ ಹುಟ್ಟು ಹಾಕತೊಡಗಿದ.

"ಇಲ್ಲಿ ಎಷ್ಟು ಆಳ ಐತಪ್ಪಾ?" ಎಂದು ದೊಡ್ಡಜ್ಜಿ ಅವನನ್ನು ಕೇಳಿದರು.

"ಐದಾರಾಳು ಇರ್ಬೋದು ಅಜ್ಜಿ. ಎದುರ್ಕಬ್ಯಾಡಿ, ಜಾಕೀಟ್ ಐತೆ."

"ನಂಗೇನು ಎದ್ರಿಕೆ" ಎಂದರು.

ದೋಣಿಯ ಮೂತಿ ಮಣ್ಣಿಗೆ ತಾಗಿತು. ಗಂಡಸರು ಒಬ್ಬೊಬ್ಬರಾಗಿ ಹಾರಿದರು. ಬುಟ್ಟಿಗಳು, ಕತ್ತಿಗಳು ಕೈಯಿಂದ ಕೈಗೆ ಹೋದವು. ಚಿಕ್ಕಪ್ಪ ಕೆಳಗೆ ನಿಂತು ಎರಡೂ ಕೈ ಚಾಚಿ, "ಇಳೀ ದೊಡ್ಡವ್ವ, ನಾನು ಹಿಡ್ಕಂತೀನಿ" ಎಂದರು.

"ಇಳೀಲಿಲ್ವಲ್ಲಪ್ಪಾ" ಎಂದರು ದೊಡ್ಡಜ್ಜಿ.

"ಅದಕ್ಕೇ ಇಳಿ ಅಂತಿರೋದು!"

"ಇಳೀಲಿಲ್ಲ ಕಣೋ."

ಎಲ್ಲರೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ. ಇಷ್ಟು ವರ್ಷ ಪ್ರತಿ ಬೆಳಿಗ್ಗೆ ಪೇಪರ್ ಓದುತ್ತಾ ಅವರ ಬಾಯಲ್ಲಿ ಆ ಮಾತನ್ನು ಕೇಳಿದವಳು ನಾನು. ಅವರು ಹೇಳುತ್ತಿದ್ದದ್ದು ತಮ್ಮ ಕಾಲಿನ ವಿಷಯವಲ್ಲ, ನೀರಿನ ವಿಷಯ ಎಂದು ನನಗೆ ಗೊತ್ತಾಯಿತು. ಏಕೆ ಎಂದು ಗೊತ್ತಾಗಲಿಲ್ಲ.

"ಮೊಣಕಾಲು ನೋವಂತೆ ಚಿಕ್ಕಪ್ಪ. ನಾನು ಇಲ್ಲೇ ಇರ್ತೀನಿ, ನೀವು ಹೋಗ್ಬನ್ನಿ" ಎಂದೆ. ಅವರು ಗಿಡ ಸವರುತ್ತಾ ಮೇಲೆ ಹೋದರು. ದೋಣಿಯವನೂ ನೋಡುವ ಕುತೂಹಲಕ್ಕೆ ಅವರ ಹಿಂದೆ ಹೋದ.

ದೋಣಿಯಲ್ಲಿ ನಾವಿಬ್ಬರೇ. ಮೇಲಿನಿಂದ ಕತ್ತಿಯ ಸದ್ದು, ಮಾವ "ಇಲ್ಲೊಂದು ಸಮಾಧಿ ಐತೆ ಬನ್ರೋ" ಎಂದು ಕೂಗಿದ್ದು ಕೇಳಿಸಿತು.

"ಸಿಕ್ಕಿದ್ರು" ಎಂದರು ದೊಡ್ಡಜ್ಜಿ. "ನಮ್ಮ ಮಾವ, ಅವ್ರ ಅಪ್ಪ, ಅವ್ವ, ಎಲ್ಲ ಅಲ್ಲೇ ಅವ್ರೆ. ಮ್ಯಾಲಿರೋರೆಲ್ಲ ದೊಡ್ಡೋರು ಕಣೇ. ನನ್ನ ಕೂಸು ಕೆಳಗೈತೆ."

ನಾನು ತಪ್ಪು ಕೇಳಿಸಿಕೊಂಡೆ ಎಂದುಕೊಂಡೆ. "ಯಾರ ಕೂಸು ದೊಡ್ಡಜ್ಜಿ?"

"ನಂದು. ಹೆಣ್ಣು. ಹನ್ನೊಂದು ದಿನ ಇತ್ತು. ಹೆಸರಿಡೋಕೆ ಮುಂಚೆ ಹೋಯ್ತು."

ಅವರು ಅತ್ತುಕೊಂಡು ಹೇಳಲಿಲ್ಲ. ಮಾರ್ಕೆಟ್ಟಿಗೆ ಹೋದವರಿಗೆ ದಾರಿ ಹೇಳುವ ಹಾಗೆ ಹೇಳಿದರು. ನಮ್ಮಲ್ಲಿ ಹಸುಗೂಸನ್ನು ಹಿರಿಯರ ಸಾಲಿನಲ್ಲಿ ಹೂಳುವುದಿಲ್ಲ. ಗುಡ್ಡದ ಬುಡದಲ್ಲಿ, ಹಳ್ಳದ ಪಕ್ಕದಲ್ಲಿ ಅದಕ್ಕೆ ಬೇರೆ ಜಾಗವಿತ್ತು. ಬಾಣಂತಿ ಅಲ್ಲಿಗೆ ಹೋಗುವಂತಿಲ್ಲ. ಗಂಡ ಮತ್ತು ಮನೆಯ ಆಳು ಒಂದು ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಹೋದರು, ಇವರು ಕೋಣೆಯಲ್ಲಿ ಮಲಗಿದ್ದರು.

"ಮೂರು ತಿಂಗಳಾದ್ಮೇಲೆ ಬಟ್ಟೆ ಒಗ್ಯಾಕೆ ಹಳ್ಳಕ್ಕೆ ಹೋಗಿದ್ದೆ. ನಮ್ಮೋರು ಎತ್ತು ಹೊಡ್ಕೊಂಡು ಆ ಕಡೆಯಿಂದ ಬಂದ್ರು. ಎಲ್ಲಿ ಅಂದೆ. ಗದ್ದ ಎತ್ತಿ, ಅಲ್ಲಿ ಅಂದ್ರು. ಕೈ ತೋರ್ಸ್ಲಿಲ್ಲ. ಅಂಥಾ ಜಾಗಕ್ಕೆ ಬೆರಳು ತೋರ್ಸ್ಬಾರ್ದು. ಒಗೆಯೋ ಕಲ್ಲಿನ ಮ್ಯಾಲೆ ನಿಂತ್ಕೊಂಡು ನೋಡಿದ್ರೆ ಒಂದು ಹುಣಸೇ ಗಿಡ, ಜೋಡಿ ಗುಂಡುಕಲ್ಲು ಕಾಣೋವು. ಅಲ್ಲೇ ಇರ್ಬೇಕು ಅಂದ್ಕೊಂಡೆ. ಹತ್ರ ಹೋಗಿ ನೋಡಾಣ ಅನ್ನೋದ್ರೊಳಗೆ ಊರು ಖಾಲಿ ಮಾಡ್ಸೋಕೆ ಲಾರಿ ಬಂತು."

"ಆಮೇಲೆ?"

"ಆಮೇಲೆ ನೀರು ಬಂತು."

ಒಂದು ವರ್ಷ ಮಳೆ ಕೈಕೊಟ್ಟು ನೀರು ತುಂಬ ಇಳಿದು, ಮುಳುಗಿದ ಊರಿನ ಗೋಡೆಗಳು ಕಂಡಿದ್ದವಂತೆ. ಆಗ ಅವರ ಕಣ್ಣು ಚೆನ್ನಾಗಿತ್ತು. ಹೋಗೋಣವೇ ಎಂದು ಗಂಡನನ್ನು ಕೇಳಿದರು. "ಹೋಗಿ ಏನ್ ಮಾಡ್ತೀಯ" ಎಂದರಂತೆ. ಅವರಾದರೂ ನೋಡಲಾರದೆ ಹಾಗೆಂದಿರಬೇಕು ಎಂದರು ದೊಡ್ಡಜ್ಜಿ. ಆ ಬೇಸಿಗೆ ಹೋಯಿತು. ಮತ್ತೆ ಅಷ್ಟು ನೀರು ಇಳಿದಾಗ ಗಂಡ ಇರಲಿಲ್ಲ, ಕಣ್ಣೂ ಇರಲಿಲ್ಲ.

"ಮೀಟಿಂಗಲ್ಲಿ ಹೇಳ್ಬೇಕಿತ್ತು ದೊಡ್ಡಜ್ಜಿ. ಎಲ್ರೂ ಒಪ್ತಿದ್ರು."

"ಏನಂತ ಹೇಳ್ಲಿ? ಕೂಸಿಗೆ ಎಡೆ ಇಲ್ಲ. ಕಲ್ಲಿಲ್ಲ. ಹೆಸ್ರಿಲ್ಲ. ನಾಲ್ಕು ಮನೆಯೋರ ಹಿರಿಯರ ಮಾತಾಡ್ತಿರೋವಾಗ ನನ್ನದೊಂದು ಹನ್ನೊಂದು ದಿನದ್ದು ತಂದು ಎಲ್ಲಿ ಇಡ್ಲಿ?"

ಸೆರಗಿನ ಗಂಟು ಬಿಚ್ಚಿದರು. ಅದರಲ್ಲಿ ಬಜೆಯ ತುಂಡು ಇತ್ತು. "ಸೊಸಿ, ಬಜೆ ತೇದಿಟ್ಟೀನಿ, ನೆಕ್ಸು ಅಂತ ನಮ್ಮತ್ತೆ ಒಳಗೆ ಬಂದ್ರು. ಆಗ್ಲೇ ಆಗೋಗಿತ್ತು" ಎಂದರು. ತುಂಡನ್ನು ಹೆಬ್ಬೆರಳಿನಿಂದ ಉಜ್ಜುತ್ತಾ ನೀರಿನ ಕಡೆ ಮುಖ ಮಾಡಿ ತುಂಬ ಹೊತ್ತು ಕೂತರು. ನೀರಿಗೆ ಬಿಡುತ್ತಾರೆ ಎಂದುಕೊಂಡೆ. ಬಿಡಲಿಲ್ಲ.

"ಬಿಟ್ರೆ ತೇಲ್ಕೊಂಡು ಇನ್ಯಾವ್ದೋ ದಡಕ್ಕೆ ಹೋಯ್ತದೆ. ಅದಕ್ಕೆ ಸೇರಲ್ಲ" ಎಂದು ಮತ್ತೆ ಗಂಟು ಹಾಕಿಕೊಂಡರು.

ಮೇಲಿನಿಂದ ಗಂಡಸರು ಬೆವರೊರೆಸಿಕೊಳ್ಳುತ್ತಾ ಬಂದರು. ಆರು ಸಮಾಧಿ ಸಿಕ್ಕಿದವು, ನಾಲ್ಕಕ್ಕೆ ಕಲ್ಲಿದೆ, ಎಡೆ ಇಟ್ಟೆವು ಎಂದರು. ಎಲ್ಲರ ಹಣೆಯಲ್ಲೂ ವಿಭೂತಿ, ಮುಖದಲ್ಲಿ ಏನೋ ತೀರಿಸಿದ ಸಮಾಧಾನ. ಚಿಕ್ಕಪ್ಪ ಎಲೆಯಲ್ಲಿ ಒಂದು ಹೋಳಿಗೆ ತಂದು ದೊಡ್ಡಜ್ಜಿಯ ಕೈಗಿಟ್ಟು, "ಎಲ್ಲಾರ್ಗೂ ಇಟ್ಟಾಯ್ತು ದೊಡ್ಡವ್ವ, ಯಾರ್ನೂ ಬಿಡ್ಲಿಲ್ಲ" ಎಂದರು. ದೊಡ್ಡಜ್ಜಿ, "ಒಳ್ಳೇದಾಯ್ತು ಬಿಡಪ್ಪಾ" ಎಂದರು. ಹಿಂದಿರುಗುವಾಗ ಕೈಯನ್ನು ನೀರಿಗೆ ಇಳಿಬಿಡಲಿಲ್ಲ.

ಆವತ್ತು ಸಂಜೆ, "ಅಪ್ಪಂಗೆ ಹೇಳ್ಲಾ?" ಎಂದು ಕೇಳಿದೆ. "ಹೇಳು" ಎಂದರು. ಅಪ್ಪ ಕೇಳಿ ಎದ್ದು ಹಿತ್ತಲಿಗೆ ಹೋದರು. ನಲ್ಲಿ ಬಿಟ್ಟುಕೊಂಡು ಕಾಲು ತೊಳೆಯುವ ಸದ್ದು ಬಹಳ ಹೊತ್ತು ಬಂತು. ಅವರೊಳಗೆ ಏನು ಹಾದುಹೋಯಿತೋ ನನಗೆ ಗೊತ್ತಿಲ್ಲ. ತನ್ನನ್ನು ಎತ್ತಿ ಆಡಿಸಿದ ಕೈಗೆ ಮೊದಲು ಇನ್ನೊಂದು ಕೂಸು ಇತ್ತು ಎಂದು ಅರವತ್ತರ ಹತ್ತಿರದಲ್ಲಿ ತಿಳಿಯುವುದು ಸಣ್ಣ ಮಾತಲ್ಲ. ಬಂದವರೇ, "ಇಳೀಬೇಕು ಅಂದಾಗೆಲ್ಲ ನಾನು ತಿದ್ತಿದ್ನಲ್ಲೇ" ಎಂದರು. ಆಮೇಲೆ ಊಟ ಮಾಡಲಿಲ್ಲ.

ಗ್ರೂಪಿನಲ್ಲಿ ಅಪ್ಪ ನಾಲ್ಕು ಸಾಲು ಬರೆದು ಹಾಕಿದರು. ಅಕ್ಟೋಬರ್ 5, ಭಾನುವಾರ, ತರೀಕೆರೆಯ ಚಿಕ್ಕಪ್ಪ ಹೇಳದೆ ಕೇಳದೆ ಬಂದರು. ಚಪ್ಪಲಿ ಬಿಟ್ಟು ನೇರವಾಗಿ ದೊಡ್ಡಜ್ಜಿಯ ಮುಂದೆ ನೆಲದ ಮೇಲೆ ಕೂತರು.

"ಯಾರ್ನೂ ಬಿಡ್ಲಿಲ್ಲ ಅಂತ ಬೇರೆ ಹೇಳ್ಬಿಟ್ನಲ್ಲ ದೊಡ್ಡವ್ವ."

"ನಿಂಗೇನು ಗೊತ್ತಿತ್ತು ಬಿಡೋ."

"ಬ್ಯಾಸಿಗೇಲಿ ಹೋಗಾಣ. ಕೆಸರಿದ್ರೆ ಇರ್ಲಿ, ನಾನೇ ಹೊತ್ಕೊಂಡ್ ಹೋಯ್ತೀನಿ. ಎಲ್ಲಿ ಅಂತ ಮಾತ್ರ ಹೇಳು."

"ಅದೇ ಕಣಪ್ಪಾ" ಎಂದರು ದೊಡ್ಡಜ್ಜಿ. "ನಾನು ನೋಡಿದ್ದು ನಿಮ್ಮ ದೊಡ್ಡಪ್ಪನ ಗದ್ದ. ಜಾಗ ನೋಡ್ಲಿಲ್ಲ."

ಚಿಕ್ಕಪ್ಪ ಅಲ್ಲಿಂದ ಹುಡುಕತೊಡಗಿದರು. ಹಳೇ ಸರ್ವೆ ನಕಾಶೆ ತೆಗೆಸಿದರು. ಗುಡ್ಡ ಇದೆ, ಹಳ್ಳ ಇದೆ. ಆದರೆ ಹಳ್ಳ ಗುಡ್ಡದ ಬುಡವನ್ನು ಮೂಡಲಲ್ಲಿ ಮುಟ್ಟಿ, ಬಳಸಿಕೊಂಡು ತೆಂಕಲಿಗೂ ಹೋಗಿದೆ. ಹಳ್ಳದ ಪಕ್ಕ ಎಂದರೆ ಎರಡೂ ಆಗಬಹುದು. ಹುಣಸೆ ಗಿಡ ಕೊಳೆತು ಹೋಗಿರುತ್ತದೆ. ಜೋಡಿ ಗುಂಡು ಉಳಿದಿರಬೇಕು, ಆದರೆ ಆ ಇಳಿಜಾರಿನ ತುಂಬ ಗುಂಡುಗಳೇ. ಬಟ್ಟೆ ಒಗೆಯುವ ಕಲ್ಲು ಎಲ್ಲಿತ್ತು ಎಂದು ತಿಳಿದರೆ ಅಲ್ಲಿ ನಿಂತು ನೋಡಬಹುದು. ದೊಡ್ಡಜ್ಜಿಯ ನೆನಪಿನಲ್ಲಿ ಕಲ್ಲಿಗೆ ದಾರಿ ಶುರುವಾಗುವುದು ಮನೆಯ ಹಿತ್ತಲ ಬಾಗಿಲಿನಿಂದ. ಆ ಬಾಗಿಲು ಎಲ್ಲಿತ್ತು ಎಂದು ತೋರಿಸಲು ಈಗ ಏನೂ ಇಲ್ಲ.

ನಾನು ಅಜ್ಜಂಪುರದ ಮಾವನನ್ನು ಕೇಳಿದೆ. ಅವರು ಯೋಚನೆ ಮಾಡಿ, "ಗುಡ್ಡದ ಒಂದು ಮಗ್ಗುಲಿಗೆ ಮಕ್ಕಳನ್ನ ಬಿಡ್ತಿರ್ಲಿಲ್ಲ ಕಣಮ್ಮ. ಆ ಕಡೆ ಹೋಗ್ಬ್ಯಾಡ್ರೋ ಅಂತ ಬಯ್ಯೋರು" ಎಂದರು.

"ಯಾವ ಕಡೆ ಮಾವ?"

"ಹೋಗ್ಬ್ಯಾಡ ಅಂದ್ರು, ಹೋಗ್ಲಿಲ್ಲ. ಅದಕ್ಕೇ ಗೊತ್ತಿಲ್ಲ." ಅವರು ಅದನ್ನು ತಮಾಷೆಗೆ ಹೇಳಿದ ಹಾಗೆ ಶುರು ಮಾಡಿದರು, ಮುಗಿಸುವಾಗ ದನಿ ಬದಲಾಗಿತ್ತು.

ಹಿರೇನಲ್ಲೂರಿನ ಮನೆಯಲ್ಲಿ ತೊಂಬತ್ತು ದಾಟಿದ ಒಬ್ಬ ಅಜ್ಜಿ ಇದ್ದಾರೆ. ಡಿಸೆಂಬರಿನಲ್ಲಿ ಅವರ ಹತ್ತಿರವೂ ಹೋಗಿ ಬಂದೆ. ಅವರು ನನ್ನನ್ನು ತಮ್ಮ ಮಗಳೆಂದು ತಿಳಿದು, ಯಾಕೆ ಇಷ್ಟು ಸೊರಗಿದ್ದೀಯ ಎಂದು ಗಲ್ಲ ಸವರಿದರು. ಹಳ್ಳದ ಹೆಸರು ಎತ್ತಿದಾಗ ಮಾತ್ರ, "ನೀರು ತಣ್ಣಗಿರೋದು" ಎಂದರು. ಅಷ್ಟೇ.

ಇದನ್ನು ಬರೆದು ಪತ್ರಿಕೆಗೆ ಕಳಿಸುತ್ತೇನೆ ಎಂದು ದೊಡ್ಡಜ್ಜಿಯನ್ನು ಕೇಳಿದ್ದು ಮೊನ್ನೆ. "ಬರಿ. ಯಾರ ಹೆಸ್ರೂ ಹಾಕ್ಬ್ಯಾಡ. ಅದಕ್ಕಿಲ್ಲದ ಹೆಸ್ರು ನಮಗ್ಯಾಕೆ" ಎಂದರು. ಬಜೆಯ ತುಂಡು ಅವರ ಮಂಚದ ಪಕ್ಕದ ಗೂಡಿನಲ್ಲಿ, ವಿಭೂತಿ ಗಟ್ಟಿಯ ಹಿಂದೆ ಇದೆ.

ಈಗ ನಮ್ಮ ಮನೆಯಲ್ಲಿ ಎಲ್ಲರೂ ಬೆಳಿಗ್ಗೆ ಪೇಪರಿನ ಆ ಮೂಲೆಯನ್ನು ನೋಡುತ್ತಾರೆ. ನೀರು ಇಳಿಯಲಿ ಎಂದು ಬಯಸುವುದು ಸುಲಭವಲ್ಲ. ಆ ನೀರನ್ನು ನಂಬಿ ಎಷ್ಟೋ ಜನ ನಾಟಿ ಮಾಡಿದ್ದಾರೆ. ಆದರೂ ಒಂದು ಬೇಸಿಗೆಗೆ, ಬುಡ ಕಾಣುವಷ್ಟು ಇಳಿಯಲಿ ಎಂದು ಒಳಗೊಳಗೇ ಅನ್ನಿಸುತ್ತದೆ. ಇಳಿದರೂ ಆ ಇಳಿಜಾರಿನಲ್ಲಿ ದೊಡ್ಡಜ್ಜಿಯನ್ನು ಎಲ್ಲಿ ತಂದು ನಿಲ್ಲಿಸುವುದು? ಎಲ್ಲೋ ಒಂದು ಕಡೆ ನಿಲ್ಲಿಸಿ ಇದೇ ಎಂದುಬಿಡಬಹುದು, ಅವರಿಗೆ ಕಾಣುವುದಿಲ್ಲ ಎಂದು ಹಿರೇನಲ್ಲೂರಿನ ತಮ್ಮ ಹೇಳಿದರು. ಅಪ್ಪ ಆಗದು ಎಂದರು. ಚಿಕ್ಕಪ್ಪನೂ ಆಗದು ಎಂದರು. ನನ್ನ ಮಟ್ಟಿಗೂ ಆಗದು.

ಮುಳುಗಡೆಗೆ ಮುಂಚೆ ಆ ಗುಡ್ಡದ ಆಸುಪಾಸಿನ ಊರುಗಳಲ್ಲಿ ಇದ್ದವರು, ಇಲ್ಲವೇ ಅಂಥವರ ಬಾಯಿಂದ ಕೇಳಿದವರು ಇದನ್ನು ಓದುತ್ತಿರಬಹುದು. ನಾಲ್ಕು ಮನೆಯ ಹಿರಿಯರ ಸಮಾಧಿ ನೆತ್ತಿಯ ಮೇಲಿದ್ದ ಗುಡ್ಡ, ಬುಡದಲ್ಲಿ ಬಳಸಿ ಹರಿಯುವ ಹಳ್ಳ, ಹಳ್ಳದಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದ ಕಲ್ಲು, ಅಲ್ಲಿಂದ ಕಾಣುವ ಒಂದು ಹುಣಸೆ, ಎರಡು ಗುಂಡು. ಇಷ್ಟೇ ನನ್ನ ಬಳಿ ಇರುವ ಗುರುತು. ಹಸುಗೂಸುಗಳನ್ನು ಹೂಳುತ್ತಿದ್ದದ್ದು ಗುಡ್ಡದ ಯಾವ ಮಗ್ಗುಲಲ್ಲಿ ಎಂದು ನಿಮ್ಮ ಮನೆಯಲ್ಲಿ ಯಾರಿಗಾದರೂ ನೆನಪಿದ್ದರೆ, ದಯವಿಟ್ಟು ಈ ಪತ್ರಿಕೆಗೆ ಬರೆಯಿರಿ, ನನಗೆ ತಲುಪುತ್ತದೆ. ಬೇಸಿಗೆಯೊಳಗೆ ಬರೆದರೆ ಒಳ್ಳೆಯದು. ಮೂಡಲೋ, ತೆಂಕಲೋ, ಅಷ್ಟು ತಿಳಿಸಿದರೂ ಸಾಕು.